ಮೊದಲೇ ಅಚ್ಚಾದ ಒಪ್ಪಿಗೆ

ಚರ್ಚೆ ಶುರುವಾಗಬೇಕಿದ್ದದ್ದು ಬೆಳಗ್ಗೆ ಒಂಬತ್ತೂವರೆಗೆ. ಚರ್ಚೆಯ ಕೊನೆಗೆ ಎಲ್ಲರೂ ಒಮ್ಮತಕ್ಕೆ ಬಂದರು ಎಂಬ ಹೇಳಿಕೆ ಹಿಂದಿನ ಸಂಜೆಯೇ ಅಚ್ಚಾಗಿತ್ತು.

ಬ್ರಸೆಲ್ಸ್‌ನ ಆ ಸಭಾಭವನದ ಬಾಗಿಲಲ್ಲಿ ಎರಡು ರಾಶಿ ಇತ್ತು: ಸದಸ್ಯರಿಗೆ ನೀಲಿ ಕಡತ, ಪತ್ರಕರ್ತರಿಗೆ ಬಿಳಿಯದು. ಗಿಲೇನ್ ವಾರ್ನಾನ್ ಕೈಗೆ ಸಿಕ್ಕಿದ ಬಿಳಿಯದನ್ನು ಎತ್ತಿಕೊಂಡು ಒಳಗೆ ಬಂದಿದ್ದಳು. ಶಾರ್ಲರ್ವಾ ಹತ್ತಿರದ ಗೇರ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು, ಅಲ್ಲಿನ ನಾನೂರು ನೌಕರರ ಪ್ರತಿನಿಧಿ. 'ಯುರೋಪಿನ ಉದ್ಯಮ: ನಾಯಕತ್ವ ಮತ್ತು ತಂತ್ರಜ್ಞಾನ' ಎಂಬ ಭಾರೀ ಹೆಸರಿನ ಸಭೆಗೆ ತನ್ನನ್ನು ಕರೆದದ್ದು ಯಾಕೆಂದು ನಾಲ್ಕನೇ ಪುಟ ತಿರುವಿದಾಗ ಅವಳಿಗೆ ಗೊತ್ತಾಯಿತು. 'ಹಳೆಯ ಘಟಕಗಳನ್ನು ಮೂರು ವರ್ಷದೊಳಗೆ ಮುಚ್ಚುವ ಸಲಹೆಯನ್ನು ನೌಕರರ ಪರವಾಗಿ ಶ್ರೀಮತಿ ವಾರ್ನಾನ್ ಅವರೂ ಸ್ವಾಗತಿಸಿದರು.' ಕೆಳಗಿನ ಪಟ್ಟಿಯಲ್ಲಿ ಅವಳ ಕಾರ್ಖಾನೆ ಆರನೆಯದು. ಹಾಳೆಯ ಅಂಚಿನಲ್ಲಿ ಹಿಂದಿನ ಸಂಜೆಯ ತಾರೀಖು, ವೇಳೆ ಇತ್ತು. ಮಧ್ಯಾಹ್ನ ಈ ಹಾಳೆ ಪತ್ರಿಕೆಗಳಿಗೆ ಹೋದರೆ, ಬೀಗ ಹಾಕಲು ಕಾದಿರುವ ಮಾಲೀಕರಿಗೆ ಇನ್ನೇನೂ ಬೇಕಿರಲಿಲ್ಲ.

ಅವಳು ತನ್ನ ಮುಂದಿದ್ದ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸಿದಳು. ಅಲ್ಲಿ ಮಾತು ಬೇಕಾದವರು ಕೈ ಎತ್ತುವುದಿಲ್ಲ, ಹಾಗೆ ಮಾಡುತ್ತಾರೆ. ಅಧ್ಯಕ್ಷ ಹೆರ್ವೆ ಡೆಲ್‌ಫೋರ್ಜ್‌ನ ಕಣ್ಣು ಅದರ ಮೇಲೆ ಹಾಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಮೆರಿಕ ಎಷ್ಟು ಮುಂದೆ ಹೋಯಿತು, ಚೀನಾ ಎಷ್ಟು ಅಗ್ಗ ಮಾಡಿತು, ನಾವೆಲ್ಲಿ ಹಿಂದೆ ಬಿದ್ದೆವು ಎಂದು ಒಬ್ಬರಾದ ಮೇಲೊಬ್ಬರು ಮಾತಾಡಿದರು. ಯಂತ್ರದ ಎಣ್ಣೆ ಕೈಗೆ ಮೆತ್ತಿಕೊಂಡವರು ಆ ಸಾಲಿನಲ್ಲಿ ಇರಲಿಲ್ಲ. ಯಂತ್ರದ ಭವಿಷ್ಯ ಮಾತ್ರ ಎಲ್ಲರಿಗೂ ಗೊತ್ತಿತ್ತು.

"ಮದಾಮ್, ನಿಮ್ಮ ಫಲಕ ಬೇರು ಬಿಡ್ತು ನೋಡಿ," ಪಕ್ಕದಲ್ಲಿದ್ದ ಜರ್ಮನ್ ಕಾರ್ಖಾನೆ ಮಾಲೀಕ ಲೋಮಾನ್ ಹರಕುಮುರುಕು ಫ್ರೆಂಚಿನಲ್ಲಿ ಪಿಸುಗುಟ್ಟಿದ.

"ಬಿಡ್ಲಿ ಬಿಡಿ, ಚಿಗುರತ್ತೆ." ಅವಳು ಬಿಳಿ ಕಡತ ಅವನತ್ತ ಸರಿಸಿದಳು. "ಮೂರನೇ ಪುಟ ನೋಡಿ. ನೀವಂತೂ ಭಾರೀ ಉತ್ಸಾಹದಿಂದ ಒಪ್ಪಿಬಿಟ್ಟಿದೀರಿ."

"ನಾನಾ? ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ!" ಲೋಮಾನ್ ಕನ್ನಡಕ ಏರಿಸಿಕೊಂಡು ಒಂದೊಂದೇ ಪದಕ್ಕೆ ಬೆರಳಿಟ್ಟು ಓದತೊಡಗಿದ. ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು.

ಹನ್ನೆರಡೂಕಾಲಿಗೆ ಡೆಲ್‌ಫೋರ್ಜ್ ಕೈ ಜೋಡಿಸಿಕೊಂಡು ನಕ್ಕ. "ಗೆಳೆಯರೇ, ಸ್ಯಾಂಡ್‌ವಿಚ್ ಬಂದಿದೆ. ಒಮ್ಮತವೂ ಬಂದಿದೆ."

ಗಿಲೇನ್ ಕೇಳದೆಯೇ ಮೈಕಿನ ಗುಂಡಿ ಒತ್ತಿದಳು. "ಒಮ್ಮತ ನಿನ್ನೆ ಸಂಜೇನೇ ಬಂದಿತ್ತಲ್ಲ, ಮಸ್ಯೂ. ಇವತ್ತು ಬಂದಿದ್ದು ಸ್ಯಾಂಡ್‌ವಿಚ್ ಒಂದೇ." ಬಿಳಿ ಕಡತವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇದ್ರಲ್ಲಿ ನಾನು ಹೇಳಿದೀನಿ ಅಂತಿರೋದನ್ನ ನಾನು ಹೇಳಿಲ್ಲ. ನಾನು ಹೇಳೋದು ಇದು. ನಮ್ಮ ಯಂತ್ರಗಳಿಗೆ ನಲವತ್ತು ವರ್ಷ, ನಿಜ. ಗೇರಿನ ಹಲ್ಲು ಸರಿಯಿದೆಯೋ ಇಲ್ವೋ ಅಂತ ನಮ್ಮ ಜನ ಸದ್ದು ಕೇಳಿಯೇ ಹೇಳ್ತಾರೆ. ಆ ಸದ್ದನ್ನೆಲ್ಲ ಎರಡು ವರ್ಷ ಹಿಡಿದಿಟ್ಟು, ಊರಿನ ತಾಂತ್ರಿಕ ಶಾಲೆ ಮೇಷ್ಟ್ರ ಜೊತೆ ಕೂತು ಕಂಪ್ಯೂಟರಿಗೆ ಕಲಿಸಿದ್ವಿ. ಮುಂಚೆ ನೂರಕ್ಕೆ ಏಳು ಗೇರ್ ಗುಜರಿಗೆ ಹೋಗ್ತಿತ್ತು. ಈಗ ಒಂದು. ನೀವು ಬೆಳಗಿಂದ ಹುಡುಕ್ತಾ ಇರೋ ಹೊಸ ತಂತ್ರಜ್ಞಾನ ನೀವು ಮುಚ್ಚೋಕೆ ಹೊರಟಿರೋ ಜಾಗದಲ್ಲಿದೆ."

ನಿದ್ದೆಗಣ್ಣಿನ ಸಭೆ ನೆಟ್ಟಗೆ ಕುಳಿತಿತು. ಲೋಮಾನ್ ಅನುವಾದ ಕೇಳಲು ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ.

"ತುಂಬಾ ಸೊಗಸಾಗಿದೆ, ಮದಾಮ್," ಡೆಲ್‌ಫೋರ್ಜ್ ಜೇನು ಸುರಿಸಿದ. "ಬರೆದು ಕಳಿಸಿ. ಅನುಬಂಧದಲ್ಲಿ ಹಾಕೋಣ."

"ಅನುಬಂಧದಲ್ಲಿ ನಾನೂರು ಜನ ಹಿಡಿಸಲ್ಲ, ಮಸ್ಯೂ. ಮೊದಲು ಆ ನಾಲ್ಕನೇ ಪುಟ ತೆಗೀರಿ. ಆಮೇಲೆ ನಿಮ್ಮಲ್ಲಿ ಯಾರಾದ್ರೂ ಬಂದು ನಮ್ಮ ಕಾರ್ಖಾನೇಲಿ ಒಂದು ದಿನ ನಿಂತು ಕೇಳಿ."

"ನಾನು ಬರ್ತೀನಿ," ಲೋಮಾನ್ ತನ್ನ ಭಾಷೆಯಲ್ಲೇ ಗಟ್ಟಿಯಾಗಿ ಹೇಳಿದ. "ನನ್ನಲ್ಲೂ ನೂರಕ್ಕೆ ಐದು ಗುಜರಿಗೆ ಹೋಗ್ತಿದೆ. ಮದಾಮ್, ಆ ಸದ್ದನ್ನ ಹೇಗೆ ಹಿಡಿದ್ರಿ, ಅದನ್ನ ಹೇಳಿ."

ಅವಳು ಹೇಳತೊಡಗಿದಳು. ಡೆಲ್‌ಫೋರ್ಜ್ ಗೋಡೆಯ ಗಡಿಯಾರ ನೋಡಿದ. ಅವನಿಗೆ ಉಳಿದಿದ್ದ ಅಸ್ತ್ರ ಅದೊಂದೇ. ಹನ್ನೆರಡೂವರೆಗೆ ದುಭಾಷಿಗಳ ಕೆಲಸ ಮುಗಿಯುತ್ತದೆ; ಅವರು ನಿಲ್ಲಿಸಿದರೆ ಅರ್ಧ ಮೇಜಿಗೆ ಗಿಲೇನ್‌ಳ ಫ್ರೆಂಚು ಬರೀ ಗದ್ದಲ. ಆಗ ಉಳಿಯುವುದು ಅಚ್ಚಾದ ಹಾಳೆ. ಹಿಂಬದಿಯಲ್ಲಿ ದುಭಾಷಿಗಳು ಕೂತಿದ್ದ ಗಾಜಿನ ಗೂಡಿನ ಕಡೆ ತಿರುಗಿ, ನಿಲ್ಲಿಸಿ ಎಂದು ಕೈ ಬೀಸಿದ. ಒಳಗೆ ನರೆಗೂದಲಿನ ಹೆಂಗಸೊಬ್ಬಳು ಕಣ್ಣು ಮುಚ್ಚಿಕೊಂಡು, ಪೆನ್ಸಿಲು ಆಡಿಸುತ್ತಾ, ಗಿಲೇನ್‌ಳ ಮಾತಿನ ಬೆನ್ನಿಗೇ ಜರ್ಮನ್ ಆಡುತ್ತಿದ್ದಳು. ಅವಳು ಕಣ್ಣು ತೆರೆಯಲಿಲ್ಲ.

ಡೆಲ್‌ಫೋರ್ಜ್ ಎದ್ದು ಹೋಗಿ ಗಾಜು ಬಡಿದ. ಅವಳ ಜೊತೆಗಾರ, ಒಬ್ಬ ಬೊಕ್ಕತಲೆಯವನು, ಬಾಗಿಲನ್ನು ಒಂದು ಗೇಣು ತೆರೆದ.

"ಹನ್ನೆರಡೂವರೆ ಆಯ್ತಲ್ರೀ!"

"ಆಯ್ತು. ನಮ್ಮ ಗಡಿಯಾರದಲ್ಲೂ ಆಯ್ತು."

"ಮತ್ತೇನು ನೋಡ್ತಿದೀರಿ? ಮೈಕ್ ಆರಿಸಿ. ನಾಳೆಯಿಂದ ನಿಮಗೆ ಇಲ್ಲಿ ಕೆಲಸ ಬೇಕೋ ಬೇಡ್ವೋ?"

ಬೊಕ್ಕತಲೆಯವನು ಮೇಜಿನ ಕಡೆ ನೋಡಿದ. ಸ್ಯಾಂಡ್‌ವಿಚ್ಚಿನ ತಟ್ಟೆಗಳತ್ತ ಒಬ್ಬರೂ ಎದ್ದಿರಲಿಲ್ಲ.

"ಆಕೆ ಇನ್ನೂ ಮಾತಾಡ್ತಾ ಇದಾರೆ. ಆರಿಸಲ್ಲ," ಎಂದು ಅವನು ಬಾಗಿಲೆಳೆದು ಒಳಗಿನಿಂದ ಅಗುಳಿ ಹಾಕಿಕೊಂಡ.