ದ್ರಾಕ್ಷಿ ತೋಟದ ಪಿಸುಪಿಸು

ಮತ್ತೆ ಅದೇ ಪಿಸುಪಿಸು. ತೋಟದ ಯಜಮಾನ ದ್ರಾಕ್ಷಿ ಬಳ್ಳಿಯ ಮರೆಯಲ್ಲಿ ನಿಂತು ನೋಡಿದ. ಹೆಂಗಸರ ತುಟಿಗಳು ಆಡುತ್ತಿದ್ದವು, ಮಾತಿಲ್ಲ. ನಗುತ್ತಿದ್ದರು, ಸದ್ದಿಲ್ಲ. ತನ್ನ ವಿರುದ್ಧವೇ ಏನೋ ಮಸಲತ್ತು ನಡೆದಿದೆ ಎಂದುಕೊಂಡ.

ಇವರನ್ನು ಕರೆಸಿಕೊಂಡವನು ತಾನೇ. ಹಣ್ಣು ಮಾಗಿ ನಿಂತಿತ್ತು, ಮೋಡ ಕಟ್ಟುತ್ತಿತ್ತು, ಕೊಯ್ಯಲು ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ತರಬೇತಿ ಕೇಂದ್ರದ ಮೇಡಂ ಕಳಿಸಿದ್ದು ಇವರನ್ನು. ನಿನ್ನೆ ಮೊನ್ನೆಯವರೆಗೆ ಬೀದಿ ಕಸ ಆಯುತ್ತಿದ್ದವರು, ಗೊಂಚಲು ಕತ್ತರಿಸುವುದನ್ನೂ ವಿಂಗಡಿಸುವುದನ್ನೂ ಕಲಿತು ಬಂದಿದ್ದರು. ಕೆಲಸದಲ್ಲಿ ಬೆರಳು ತೋರಿಸುವಂತಿರಲಿಲ್ಲ. ಅವನಿಗೆ ಅದೂ ಒಂದು ಅನುಮಾನ.

ಹೆಂಡತಿಯೂ ಆ ಕಡೆ ಸೇರಿಬಿಟ್ಟಿದ್ದಳು. ಗುಂಪಿನ ಹಿರಿಯಳು, ಎಲ್ಲರ ಬಾಯಲ್ಲಿ ‘ಗುಬ್ಬಿ’ಯಾದ ಗಟ್ಟಿಗಿತ್ತಿ, ಅವಳ ಜೊತೆ ಇವಳದು ದಿನವಿಡೀ ಗುಸುಗುಸು. ಗಂಡನ ಹತ್ತಿರ ಮಾತಾಡಬೇಕಾದರೆ ಮಾತ್ರ ಜಗಳಕ್ಕೆ ಬಂದವಳಂತೆ ಎದುರಿಗೇ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಳು.

“ಒಂದ್ಸಲ ಪೇಟೆ ಡಾಕ್ಟ್ರ ಹತ್ರ ಹೋಗಿ ಬರೋಣ ಅಂದ್ರೆ ಕೇಳೋದೇ ಇಲ್ವಲ್ಲ ನೀವು.”

“ನಂಗೇನಾಗಿದೆ? ನಾನು ಆ ಕಡೆ ಹೋದ್ರೆ ಇವ್ರು ಈ ಕಡೆ ತೋಟ ನುಂಗ್ತಾರೆ.”

ಮೇಡಂಗೆ ಫೋನ್ ಮಾಡಿದ. ಅವಳೂ ಬೇಕೆಂದೇ ಬಾಯಲ್ಲಿ ಹತ್ತಿ ತುರುಕಿಕೊಂಡವಳ ಹಾಗೆ ಗೊಣಗಿದಳು. ಸರಿ, ಎಲ್ಲರೂ ಶಾಮೀಲು. ಬೆಳೆ ಬಳ್ಳಿಯಲ್ಲೇ ಕೊಳೆತು ಹೋಗಲಿ, ಈ ಕಳ್ಳರ ಗುಂಪನ್ನು ಇವತ್ತೇ ಓಡಿಸುತ್ತೇನೆ ಎಂದು ನಿರ್ಧರಿಸಿದ.

ಮೇಲಿನ ಗೇಟಿಗೆ ಬೆನ್ನು ಕೊಟ್ಟು, ಇಳಿಜಾರು ದಾರಿಯ ನಟ್ಟನಡುವೆ ನಿಂತ.

“ಕತ್ತರಿ ಕೆಳಗಿಡಿ. ಎಲ್ರೂ ಹೊರಡಿ.”

ಹೆಂಗಸರು ಬಾಯಿ ಅಗಲಿಸಿ, ಕೈ ಬೀಸುತ್ತ ಅವನತ್ತಲೇ ಓಡಿಬಂದರು. ಮುಂದೆ ಗುಬ್ಬಿ, ಕೈಯಲ್ಲಿ ಕತ್ತರಿ. ಕೊನೆಗೂ ಇವರ ಬಣ್ಣ ಬಯಲಾಯಿತು ಅಂದುಕೊಂಡ. ದಾರಿ ಬಿಡದೆ ನಿಂತೇ ಇದ್ದ. ಗುಬ್ಬಿ ಕತ್ತರಿ ಬಿಸಾಡಿದಳು, ಅವನ ರಟ್ಟೆ ಹಿಡಿದು ಎಳೆದು ಬಳ್ಳಿಯ ಮೇಲೆ ಕೆಡವಿದಳು.

ಗೇಟಿನ ಕಡೆಯಿಂದ ನುಗ್ಗಿಬಂದ, ಬ್ರೇಕ್ ಕೈಕೊಟ್ಟ ಹಣ್ಣಿನ ಲಾರಿ, ಅವನು ನಿಂತಿದ್ದ ಜಾಗದ ಮೇಲೆಯೇ ಹಾದು, ಕೆಳಗಿನ ಮಣ್ಣುಗುಡ್ಡೆಗೆ ಗುದ್ದಿ ನಿಂತಿತು.

ಅವನು ಎದ್ದು ಕುಳಿತ. ಪ್ರಾಣ ಉಳಿದರೂ ಸಿಟ್ಟು ಇಳಿದಿರಲಿಲ್ಲ.

“ಒಂದು ಕೂಗು ಹಾಕೋಕೆ ಏನಾಗಿತ್ತು ನಿಮಗೆಲ್ಲ?”

ಗಾಬರಿಬಿದ್ದ ಲಾರಿ ಡ್ರೈವರ್ ಇನ್ನೂ ಎರಡೂ ಕೈಯಿಂದ ಹಾರ್ನ್ ಒತ್ತಿಯೇ ಹಿಡಿದಿದ್ದ. ತೋಟದಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡಿದ್ದರು, ಯಜಮಾನ ಒಬ್ಬನನ್ನು ಬಿಟ್ಟು.