ಹಳೇ ಲಾರಿಗೆ ಎ.ಸಿ.

“ಬೇಗ ಮಾಡಪ್ಪ. ಒಳಗೆ ನಮ್ಮ ಯಜಮಾನ್ರು ಬೇಯ್ತಾವ್ರೆ.”

ಮನೋಹರ್ ಬಾನೆಟ್ಟಿನಡಿಯಿಂದ ತಲೆ ಎತ್ತಲಿಲ್ಲ. ಬೆಳಿಗ್ಗೆಯಿಂದ ಇದೇ ಪಲ್ಲವಿ. ಹೆಬ್ಬಾಳದ ಅವನ ಎ.ಸಿ. ಅಂಗಡಿಯ ಶಟರ್ ಪೂರ್ತಿ ಏಳುವ ಮೊದಲೇ ಈ ಯಶೋಧಮ್ಮ ಬಂದು ನಿಂತಿದ್ದರು. ಹೂಟಗಳ್ಳಿಯ ಖಾಲಿ ಸೈಟಿನಲ್ಲಿ ಗಂಡನ ಹಳೇ ಲಾರಿ ಇದೆ, ಅದರ ಎ.ಸಿ. ಕೆಟ್ಟು ಕೂತಿದೆ, ಮುದುಕರು ದಿನವಿಡೀ ಕಿಟಕಿ ಮುಚ್ಚಿಕೊಂಡು ಆ ತಗಡಿನ ಗೂಡಿನಲ್ಲೇ ಇರುತ್ತಾರೆ, ಹೀಗೇ ಬಿಟ್ಟರೆ ಈ ಬೇಸಿಗೆ ದಾಟುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಹೊರಟುಹೋಗಿದ್ದರು. ಅವನು ಹೊಸ ಕಂಪ್ರೆಸರ್ ಹೇರಿಕೊಂಡು ಗೂಡ್ಸ್ ಆಟೋದಲ್ಲಿ ಬರುವಷ್ಟರಲ್ಲಿ ಆಗಲೇ ಲಾರಿಯ ಪಕ್ಕದಲ್ಲಿದ್ದರು. ಯಾವ ಬಸ್ಸು ಸಿಕ್ಕಿತೋ, ಪುಣ್ಯವಂತೆ.

“ಕೆಳಗಿಳೀರಿ ಅಂತ ನೀವೇ ಅವರಿಗೆ ಹೇಳಬಾರದಾ?” ಎಂದು ಕೇಳಿದ.

“ನಾನು ಎಷ್ಟು ಕೂಗಿದ್ರೂ ಅವರಿಗೆ ಕೇಳ್ಸಲ್ಲ ಕಣಪ್ಪ.”

ಕಿವಿ ಮಂದವಿರಬೇಕು ಎಂದುಕೊಂಡ. ಹೆಂಡತಿಯ ಮಾತಿಗೆ ಮಾತ್ರ ಮಂದವಾಗುವ ಕಿವಿಗಳನ್ನು ಅವನು ಬೇಕಾದಷ್ಟು ಕಂಡಿದ್ದ.

ಹಳೇ ಕಂಪ್ರೆಸರ್ ತುಕ್ಕು ಹಿಡಿದು ಕಲ್ಲಾಗಿತ್ತು. ಅದನ್ನು ಕಿತ್ತು ಹೊಸದನ್ನು ಕೂರಿಸಿದ. ಪೈಪುಗಳನ್ನು ಬದಲಾಯಿಸಿದ, ಬೆಲ್ಟ್ ಎಳೆದು ಕಟ್ಟಿದ, ಗ್ಯಾಸ್ ತುಂಬಿಸಿದ. ಎತ್ತಿದ ಬಾನೆಟ್ಟು ಗಾಜನ್ನು ಮರೆಮಾಡಿತ್ತು. “ಯಜಮಾನ್ರೇ” ಎಂದು ಕರೆದರೆ ಒಳಗಿನಿಂದ ಉಸಿರಿಲ್ಲ. ಯಶೋಧಮ್ಮ ಬಿಸಿಲಲ್ಲಿ ಬಿದ್ದಿದ್ದ ಕಬ್ಬಿಣದ ತಗಡಿನ ಮೇಲೆ ಬರಿಗಾಲಲ್ಲಿ ನಿಂತೇ ಇದ್ದರು. ಅದೇ ತಗಡಿನ ಮೇಲಿಟ್ಟ ಸ್ಪ್ಯಾನರ್ ಎತ್ತಿಕೊಡಿ ಎಂದರೆ, “ನೀನೇ ತಗೊಳಪ್ಪ” ಎಂದರು. ಬಗ್ಗಿದರೆ ಏನು ಸವೆದುಹೋಗುತ್ತಿತ್ತೋ ಎಂದು ಗೊಣಗುತ್ತಾ ಕೈ ಹಾಕಿದವನು ಬೆರಳು ಸುಟ್ಟುಕೊಂಡ.

ಇನ್ನು ಎಂಜಿನ್ ಚಾಲೂ ಮಾಡಬೇಕು. ಮೆಟ್ಟಿಲು ಹತ್ತಿ ಕ್ಯಾಬಿನ್ನಿನ ಬಾಗಿಲು ಎಳೆದ. ಒಲೆಯ ಬಾಯಿ ತೆರೆದಂತೆ ಝಳ ಮುಖಕ್ಕೆ ಬಡಿಯಿತು.

ಎಡಗಡೆ ಸೀಟಿನ ಮೇಲೆ ಬಾಳೆ ಎಲೆ. ಅನ್ನ, ಸಾರು, ವಡೆ, ಎಲೆ ಅಡಿಕೆ. ಅಂಚಿನಲ್ಲಿ ಉರಿದು ಮುಗಿದ ಊದಿನಕಡ್ಡಿ. ಸತ್ತವರಿಗೆ ಇಡುವ ಎಡೆ, ಮುಟ್ಟಿದವರಿಲ್ಲ.

ಸ್ಟಿಯರಿಂಗ್ ಹಿಂದೆ ಮುದುಕರು ನೆಟ್ಟಗೆ ಕೂತಿದ್ದರು. ಕಣ್ಣು ಅರ್ಧ ತೆರೆದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಮನೋಹರನ ಅಂಗಿಯನ್ನು ಹಿಂಡಿದರೆ ಬೆವರು ಸುರಿಯುತ್ತಿತ್ತು. ಆ ಮುಖದ ಮೇಲೆ ಒಂದು ಹನಿಯೂ ಇಲ್ಲ.

ದೆವ್ವಕ್ಕೆ ಬೆವರಿಲ್ಲ ಎನ್ನುತ್ತಿದ್ದಳು ಅವನ ಅಜ್ಜಿ.

ಧುಮುಕಿ ಕೆಳಗೆ ಬಂದ. ಈಗ ಎಲ್ಲ ತಿಳಿಯಿತು. ಸತ್ತ ಗಂಡನಿಗೆ ಎಡೆ ಇಟ್ಟು, ಅವನ ದೆವ್ವಕ್ಕೆ ಸೆಕೆಯಾಗದಿರಲಿ ಎಂದು ಎ.ಸಿ. ಹಾಕಿಸುತ್ತಿರುವ ಹುಚ್ಚು ವಿಧವೆ. ಪಾಪ ಅನಿಸಿತು. ಅದಕ್ಕಿಂತ ಹೆಚ್ಚು ಭಯವಾಯಿತು.

“ಅಮ್ಮಾ, ನನ್ನಿಂದಾಗಲ್ಲ. ನಾನ್ ಹೊರಡ್ತೀನಿ.”

“ನೀನು ಹೋಗ್ಬುಟ್ರೆ ಅವರು ಉಳಿಯಲ್ಲ.”

ಉಳಿಯೋಕೆ ಇನ್ನೇನಿದೆ ಎಂಬ ಮಾತನ್ನು ಅವನು ನುಂಗಿಕೊಂಡ. “ಹಂಗಾದ್ರೆ ನೀವೇ ಹತ್ತಿ ಕೀ ತಿರುಗಿಸಿ.”

“ನನ್ ಕೈಲಿ ಆಗೋ ಹಾಗಿದ್ರೆ ನಿನ್ನ ಯಾಕಪ್ಪ ಕರೀತಿದ್ದೆ?”

ಆ ದನಿಗೆ ಅವನ ಕರುಳು ಚುರ್ ಎಂದಿತು. ಮಾದಪ್ಪಾ ನೀನೇ ಗತಿ ಎಂದುಕೊಂಡು ಮತ್ತೆ ಹತ್ತಿದ. ಎಡೆ ನೋಡಲಿಲ್ಲ, ಮುಖ ನೋಡಲಿಲ್ಲ. ಮುದುಕರ ಮೊಣಕಾಲಿನ ಪಕ್ಕದಿಂದ ಕೈ ತೂರಿಸಿ ಕೀ ತಿರುಗಿಸಿದ. ಲಾರಿ ನರಳಿತು, ಕೆಮ್ಮಿತು, ಗುಡುಗಿತು. ಎ.ಸಿ. ಗುಂಡಿ ಒತ್ತಿದ. ಮೊದಲು ಧೂಳು, ಆಮೇಲೆ ಬಿಸಿಗಾಳಿ, ಕೊನೆಗೆ ತಂಪು.

ಅವನ ಮಣಿಕಟ್ಟನ್ನು ಒಂದು ಕೈ ಹಿಡಿಯಿತು.

ಅವನು ಕಿತ್ತುಕೊಳ್ಳಲು ಹೋದ. ಆದರೆ ಆ ಕೈ ಕಾದ ಹೆಂಚಿನಂತಿತ್ತು, ಅದರೊಳಗೆ ನಾಡಿ ಓಡುತ್ತಿತ್ತು. ದೆವ್ವಕ್ಕೆ ಜ್ವರ ಬರುವುದುಂಟೆ? ಕಡಕೊಳದ ಕಾರ್ಖಾನೆಯಲ್ಲಿ ಹೀಗೇ ಬೆವರು ಬತ್ತಿ ಬಿದ್ದ ಒಬ್ಬನನ್ನು ಅವನು ನೋಡಿದ್ದ. ಬಿಸಿಲ ಹೊಡೆತ. ಬಾಟಲಿಯ ನೀರನ್ನು ಮುದುಕರ ನೆತ್ತಿಗೆ, ಕತ್ತಿಗೆ ಸುರಿದ. ಒದ್ದೆ ಟವೆಲ್ ಹೊದಿಸಿದ. ಆಂಬುಲೆನ್ಸಿಗೆ ಫೋನ್ ಮಾಡಿದ. ತಂಪು ಗಾಳಿ ಬೀಸುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಮುದುಕರು ಕಣ್ಣು ಹೊರಳಿಸಿ ಅವನನ್ನು ನೋಡಿದರು, ಎರಡು ಗುಟುಕು ನೀರು ನುಂಗಿದರು.

ಭಯ ಇಳಿದ ಮೇಲೆ ಮನೋಹರನಿಗೆ ಸಿಟ್ಟು ಬಂತು. ಹೊರಗೆ ಇಣುಕಿದ. ಯಶೋಧಮ್ಮ ಕಾಣಲಿಲ್ಲ. ಈಗಲಾದರೂ ನೆರಳಿಗೆ ಹೋದರಲ್ಲ ಎಂದುಕೊಂಡ.

“ಈ ವಯಸ್ಸಲ್ಲಿ ಇಂಥಾ ಹಟ ಬೇಕಾ ಯಜಮಾನ್ರೇ? ನಿಮ್ಮ ಹೆಂಡ್ತಿ ಯಶೋಧಮ್ಮೋರು ಬೆಳಿಗ್ಗೆ ನನ್ನಂಗಡಿಗೆ ಬಂದು ಗೋಗರೀದೇ ಇದ್ದಿದ್ರೆ, ಇವತ್ತಿಗೆ ನಿಮ್ಮ ಕಥೆ ಮುಗೀತಿತ್ತು.”

ಮುದುಕರು ಅವನ ಮುಖವನ್ನೇ ನೋಡಿದರು. ಕಣ್ಣು ತುಂಬಿತು, ಪಕ್ಕದ ಸೀಟಿನ ಎಡೆಯತ್ತ ಕೈ ತೋರಿಸಿದರು.

“ಇವತ್ತು ಅವಳ ವರ್ಷದ ತಿಥಿ ಕಣಪ್ಪ.”