ರೀತಮ್ಮನ ದಾರಿಬುತ್ತಿ

ರೀತಮ್ಮ ತೀರಿಕೊಂಡ ಸುದ್ದಿ ಅವಳ ಗಂಡ ಇನ್ನಾಸಪ್ಪನಿಗೆ ದಾರಿಯಲ್ಲೇ ಗೊತ್ತಾಗಬಹುದಿತ್ತು. ಕನಕಪುರ ದಾಟಿದಾಗಿನಿಂದ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಎತ್ತಲಿಲ್ಲ.

"ಎತ್ತಿ ತಾತ, ಮನೆಯಿಂದಲೇ ಇರಬೇಕು" ಎಂದು ಬೈಕ್ ಓಡಿಸುತ್ತಿದ್ದ ಫಾದರ್ ದಯಾನಂದ ಮತ್ತೆ ಮತ್ತೆ ಹೇಳಿದರು. ಹಿಂದೆ ಕುಳಿತ ಇನ್ನಾಸಪ್ಪ ತುಟಿ ಬಿಚ್ಚಲಿಲ್ಲ. ಹಾಸಿಗೆ ಹಿಡಿದ ಹೆಂಡತಿಯ ಬಳಿಗೆ ಫಾದರನ್ನು ಕರೆತರಲು ಬೆಳಗಿನಿಂದ ಚರ್ಚಿನ ಜಗುಲಿಯಲ್ಲಿ ಕಾದು ಅವನ ಸೊಂಟ ಹಿಡಿದುಕೊಂಡಿತ್ತು. ಅವರ ಎದೆಯ ಮೇಲೆ ತೂಗುತ್ತಿದ್ದ ಪುಟ್ಟ ಡಬ್ಬಿಯಲ್ಲಿ ದೇವರ ಮೈಯೆಂದೇ ನಂಬುವ ರೊಟ್ಟಿ, ಪರಮಪ್ರಸಾದವಿತ್ತು. ಸಾಯುವವರ ಬಾಯಿಗೆ ಕೊನೆಯದಾಗಿ ಇಡುವ ಆ ತೆಳು ಬಿಲ್ಲೆಯನ್ನು ಹಿರಿಯರು ದಾರಿಬುತ್ತಿ ಎನ್ನುತ್ತಿದ್ದರು. ಸಾಕ್ಷಾತ್ ದೇವರು ದಾರಿಯಲ್ಲಿರುವಾಗ ಜೊತೆಯಲ್ಲಿ ಬರುವವನು ಮಾತಾಡಬಾರದು. ಹಿಂದೆ ಹೀಗೇ ಸ್ವಾಮಿಗಳನ್ನು ಕರೆತರುವಾಗ ಇನ್ನಾಸಪ್ಪನ ಅಪ್ಪನೂ ಹಾಗೇ ನಡೆದುಕೊಂಡಿದ್ದ.

ಬೈಕು ಅಂಗಳದಲ್ಲಿ ನಿಂತಾಗ ಅಳು ಕೇಳಿಸಿತು. ನಾದಿನಿ ಚಿನ್ನಮ್ಮ ಹೊರಗೆ ಬಂದಳು.

"ಯಾಕ್ ಬಾವ ಫೋನ್ ಎತ್ಲಿಲ್ಲ? ಅಕ್ಕ ನಿನ್ ಕೂಟೆ ಒಂದ್ ಮಾತು ಆಡ್ಬೇಕು ಅಂದ್ಲು. ಫೋನ್ನ ಅವ್ಳ ಕಿವೀಗೆ ಹಿಡ್ಕಂಡೇ ಇದ್ದೆ. ಕಾದು ಕಾದು ಹೊಂಟೋದ್ಲು."

"ದೇವ್ರು ಜೊತೇಲಿದ್ರು ಕಣಮ್ಮ."

"ದೇವ್ರೇನ್ ಮಾತಾಡ್ಬ್ಯಾಡ ಅಂದಿದ್ರಾ?"

ಇನ್ನಾಸಪ್ಪ ಒಳಗೆ ಹೋದ. ರೇಷ್ಮೆಹುಳುವಿನ ತಟ್ಟೆಗಳನ್ನು ಬದಿಗೆ ಸರಿಸಿ ರೀತಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ಬಾಯಿ ತೆರೆದುಕೊಳ್ಳದಂತೆ ಅವಳ ಗಲ್ಲಕ್ಕೆ ಆಗಲೇ ಬಟ್ಟೆ ಕಟ್ಟಿಯಾಗಿತ್ತು. ಅವನು ಕೂತು ಆ ಗಂಟು ಬಿಚ್ಚತೊಡಗಿದ.

"ಸ್ವಾಮಿ, ಇನ್ನೂ ಬೆಚ್ಚಗವ್ಳೆ. ತುಟಿ ಮ್ಯಾಲೆ ಮಡಗಿ."

ಫಾದರ್ ಅವನ ಕೈ ಹಿಡಿದರು. "ಆಗಲ್ಲ ತಾತ. ಇದು ಊಟ. ಉಣ್ಣೋರಿಗೆ ಮಾತ್ರ ಕೊಡಬಹುದು."

"ನಮ್ಗೆ ಪಾಠ ಯೋಳಿದ ಸ್ವಾಮ್ಯೋರು ಇದು ಸಾಕ್ಷಾತ್ ಆತನೇ ಅಂದಿದ್ರು. ನೀವು ಊಟ ಅಂತೀರಿ. ಯಾವ್ದು ದಿಟ?"

"ಎರಡೂ. ಆತ ಬಂದಿದ್ದೇ ಊಟವಾಗಿ. ಒಬ್ಬರ ಬಾಯಿಗೆ ಬಿದ್ದು ಮುಗಿಯೋ ಊಟ ಅಲ್ಲ ಇದು. ಇದನ್ನ ಹಂಚಿಕೊಂಡೋರೆಲ್ಲ ಒಂದೇ ಮೈ ಅಂತ ನಮಗೆ ಓದಿಸಿದ್ದು. ಸತ್ತೋರೂ ಆ ಮೈಯಲ್ಲೇ ಇರ್ತಾರೆ. ನೀವು ಉಂಡರೆ ಅವರನ್ನ ಬಿಟ್ಟು ಉಂಡ ಹಾಗಾಗಲ್ಲ."

"ಓದಿದೋರ ಮಾತು, ಸ್ವಾಮಿ. ನಾನುಂಡ್ರೆ ಅವಳ ಹೊಟ್ಟೆ ತುಂಬ್ತದಾ?"

ಫಾದರ್ ಡಬ್ಬಿ ತೆರೆದರು. ಬಿಲ್ಲೆಯನ್ನು ಮುರಿದು ಒಂದು ಚೂರನ್ನು ಚಿನ್ನಮ್ಮನಿಗೆ ಕೊಟ್ಟು, ಇನ್ನೊಂದನ್ನು ಇನ್ನಾಸಪ್ಪನೆದುರು ಹಿಡಿದರು.

ಮುದುಕ ಗಂಟನ್ನು ಬಿಟ್ಟು ಬಾಯಿ ತೆರೆದ. ನಾಲಿಗೆ ಒಣಗಿತ್ತು, ಚೂರು ಅಂಗುಳಿಗೆ ಅಂಟಿಕೊಂಡು ಕರಗಲೊಲ್ಲದು. ಅವನು ಹೆಂಡತಿಯ ಪಾದಗಳ ಮೇಲೆ ಕೈಯಿಟ್ಟು ಮೊಣಕಾಲೂರಿದ.

"ನನ್ನೊಡೆಯಾ, ಎಲ್ರಿಗೂ ಇಕ್ಕಿ, ತಳ ಹತ್ತಿದ್ದನ್ನ ಕೆರ್ಕಂಡು ಉಂಡೋಳು ಇವ್ಳು. ಇವತ್ತು ಅದೂ ಇಲ್ದೆ ಬತ್ತಾವ್ಳೆ. ನಿನ್ ಮನೇಲಿ ಮೊದಲ್ನೇ ಪಂಕ್ತೀಲಿ ಕೂರ್ಸು. ಬಡಿಸ್ತೀನಿ ಅಂತ ಎದ್ದಾಳು, ಏಳಾಕೆ ಬುಡಬ್ಯಾಡ. ಒಸಿ ನೆಮ್ಮದಿಯಾಗಿ ಉಣ್ಲಿ. ಆಮೆನ್."